ತಾನೇ ಬಾಯಿ ತೆಗೆಯುವ ಚಾಕು

ನಮ್ಮ ಮನೆಯಲ್ಲಿ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕುಡುಗೋಲಾಗಲಿ, ಮಚ್ಚಾಗಲಿ, ಅವ್ವನ ಈಳಿಗೆಮಣೆಯಾಗಲಿ, ಕೊಡುವವರು ನೆಲದ ಮೇಲಿಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ಕೈಗೇ ಕೊಟ್ಟರೆ ಕೊಟ್ಟವರಿಗೂ ಇಸ್ಕೊಂಡವರಿಗೂ ಜಗಳ ಹತ್ತಿಕೊಳ್ಳುತ್ತೆ ಅಂತ ಅಜ್ಜಿಯ ಕಟ್ಟಪ್ಪಣೆ. ನಾನು ಒಂದ್ಸಲ ಮರೆತು ಅವ್ವನ ಕೈಗೇ ಕುಡುಗೋಲು ಕೊಟ್ಟು ಅಜ್ಜಿಯಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದೆ. ಇಷ್ಟು ಜೋಪಾನ ಮಾಡಿದ ಮನೆಯಲ್ಲೇ, ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತುಹೋಗಿತ್ತು. ನಾಲೆ ಪಕ್ಕದ ಗದ್ದೆಯನ್ನು ನನ್ನ ಪಾಲಿಗೆ ಬಿಟ್ಟುಕೊಡಿ ಅಂತ ಚಿಕ್ಕಪ್ಪ ಕೇಳಿದ್ದ. ಅಜ್ಜಿ ಇರೋಗಂಟ ಪಾಲಿನ ಮಾತು ಎತ್ತಬೇಡ ಅಂತ ಅಪ್ಪ ಅಂದಿದ್ದ. ಅಷ್ಟೇ. ಆಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಒಂದೇ ಗಡಿಗೆಯ ಸಾರು ಉಣ್ಣುತ್ತಿದ್ದರು, ಮಾತು ಮಾತ್ರ ನನ್ನ ಮೂಲಕ ಹೋಗಿ ಬರುತ್ತಿತ್ತು. ಇಬ್ಬರ ನಡುವೆ ನನ್ನನ್ನು ಕೂರಿಸಿಕೊಂಡು, ನಾನೊಂದು ಗೋಡೆಗೆ ಕೊರೆದ ತೂತು ಅನ್ನೋ ಹಾಗೆ ಮಾತಾಡುತ್ತಿದ್ದರು.

"ನಿಮ್ಮಪ್ಪಂಗೆ ಯೋಳು ಮಗ, ನಾಳೀಕೆ ನೀರಿನ ಸರದಿ ನಮ್ದು ಅಂತ."

"ನಿಮ್ ಚಿಕ್ಕಪ್ಪಂಗೆ ಯೋಳು, ನಂಗೂ ಲೆಕ್ಕ ಬತ್ತದೆ ಅಂತ."

ಚಿಕ್ಕಪ್ಪ ಚಿನಕುರಳಿ ಕಡೆಯ ಕ್ವಾರಿಯಿಂದ ಜಲ್ಲಿ ಹೊಡೆಯುವ ಲಾರಿ ಓಡಿಸುತ್ತಿದ್ದ. ಹೆಸರು ಪುಟ್ಟಸ್ವಾಮಿ. ಮದುವೆ ಆಗಿರಲಿಲ್ಲ. ಕೊಟ್ಟಿಗೆಯ ಪಕ್ಕದ ಕೋಣೆ ಅವನದು. ಅಲ್ಲಿ ಡೀಸೆಲ್ಲಿನ ವಾಸನೆಯೂ ಗಂಜಲದ ವಾಸನೆಯೂ ಕಲೆತು ಒಂದು ಮೂರನೇ ವಾಸನೆ ಆಗಿತ್ತು, ನನಗೆ ಅದು ಬಲು ಇಷ್ಟ. ದೂರದ ಲೋಡಿಗೆ ಹೋಗಿದ್ದಾಗ ಯಾವನೋ ಉತ್ತರದ ಕಡೆಯ ಡ್ರೈವರು ಕೊಟ್ಟ ಅಂತ ಒಂದು ಮಡಚುವ ಚಾಕು ತಂದಿದ್ದ. ಅದು ಊರಲ್ಲಿ ಎಲ್ಲೂ ಇಲ್ಲದಂಥ ಚಾಕು. ಬ್ಲೇಡಿನ ಬುಡದಲ್ಲಿ ಹೆಬ್ಬೆರಳಿಗೆ ಸಿಗುವಂಥ ಒಂದು ಸಣ್ಣ ಗುಬುಟು. ಅದನ್ನು ಒಂದು ಭತ್ತದ ಕಾಳಿನಷ್ಟು ತಳ್ಳಿದರೆ ಸಾಕು, ಮಿಕ್ಕಿದ್ದನ್ನು ಒಳಗಿನ ಸ್ಪ್ರಿಂಗು ನೋಡಿಕೊಳ್ಳುತ್ತಿತ್ತು. ಟಕ್ ಅಂತ ಬ್ಲೇಡು ಆಚೆ ಬಂದು ನಿಂತುಬಿಡುತ್ತಿತ್ತು. ಮೊದಲ ಸಲ ತೋರಿಸಿದಾಗ ಅಜ್ಜಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಅಯ್ಯೋ ಮುಂಡೇದೆ, ತಾನೇ ಬಾಯಿ ತೆಗೀತದಲ್ಲೋ! ಕಬ್ಣ ಅಂದ್ಮೇಲೆ ಮನುಸ ಯೋಳ್ದಂಗೆ ಕೇಳ್ಬೇಕು. ಇದು ಕೇಳೋ ಜಾತಿದಲ್ಲ ಕಣ್ಲಾ."

ಚಿಕ್ಕಪ್ಪ ನಕ್ಕ. ಆದರೆ ಆವತ್ತಿನಿಂದ ಆ ಟಕ್ ಸದ್ದು ನಮ್ಮ ಮನೆಯಲ್ಲಿ ಒಬ್ಬ ಆಸಾಮಿಯ ಹಾಗೆ ಸೇರಿಕೊಂಡಿತು. ಸಂಜೆ ಲಾರಿ ನಿಲ್ಲಿಸಿ ಬಂದವನೇ ಜಗಲಿ ಮೇಲೆ ಕೂತು ಸುಮ್ಮನೆ ತೆಗೆಯೋದು, ಮುಚ್ಚೋದು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಒಳಗೆ ನಡುಮನೆಯಲ್ಲಿ ಉಣ್ಣುತ್ತಿದ್ದ ಅಪ್ಪನ ಕೈ ಮುದ್ದೆಯ ಮೇಲೆ ಹಾಗೇ ನಿಲ್ಲುತ್ತಿತ್ತು. ಅಪ್ಪ ಬಾಗಿಲ ಕಡೆ ನೋಡುತ್ತಿರಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದ. ಮುಂದಿನ ಸದ್ದು ಬಂದ ಮೇಲೇ ತುತ್ತು ಮುರಿಯುತ್ತಿದ್ದ. ಅವ್ವ ಸಾರು ಬಡಿಸುವ ನೆಪದಲ್ಲಿ ಸೌಟನ್ನು ಗಡಿಗೆಯ ಕಂಠಕ್ಕೆ ಜೋರಾಗಿ ಬಡಿಯುತ್ತಿದ್ದಳು, ಆ ಸದ್ದು ಕೇಳದಿರಲಿ ಅಂತ. ನನಗೆ ಎಲ್ಲ ಕೇಳುತ್ತಿತ್ತು. ದೊಡ್ಡವರು ಮಕ್ಕಳಿಗೆ ಏನೂ ತಿಳಿಯಲ್ಲ ಅಂದುಕೊಂಡಿರುತ್ತಾರೆ, ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

ತಿಂಗಳಿಗೊಂದು ಭಾನುವಾರ ಚಿಕ್ಕಪ್ಪ ಆ ಚಾಕುವನ್ನು ಬಿಚ್ಚಿ ಒರೆಸುತ್ತಿದ್ದ. ಜಲ್ಲಿ ಧೂಳು ಒಳಗೆ ಸೇರಿ ಕಿರಕಿರ ಅನ್ನುತ್ತೆ ಅನ್ನೋನು. ಶ್ರೀರಂಗಪಟ್ಟಣದಲ್ಲಿ ವಾಚು ರಿಪೇರಿಯವನ ಹತ್ತಿರ ಇಸ್ಕೊಂಡು ಬಂದಿದ್ದ ಒಂದು ಸಣ್ಣ ಸ್ಕ್ರೂಡ್ರೈವರು, ಅಂಚಿರುವ ಒಂದು ಸ್ಟೀಲು ತಟ್ಟೆ, ಅವ್ವನ ಹಳೇ ಸೀರೆಯ ತುಂಡು, ಹೊಲಿಗೆ ಮಿಷನ್ನಿನ ಎಣ್ಣೆ. ಎದುರಿಗೆ ನಾನು. ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಬೆಳಕಿಗೆ ಬೆನ್ನು ಹಾಕಬೇಡ ಅನ್ನೋದರಿಂದ ಅವನ ಪಾಠ ಶುರು ಆಗುತ್ತಿತ್ತು. ಅವನ ಕೈಬೆರಳುಗಳು ದಪ್ಪ, ಉಗುರಲ್ಲಿ ಗ್ರೀಸು, ಆದರೆ ಆ ಕೆಲಸಕ್ಕೆ ಕೂತಾಗ ಮೊಗ್ಗು ಕಟ್ಟುವ ಹೆಂಗಸರ ಬೆರಳಿನಂತೆ ಓಡಾಡುತ್ತಿದ್ದವು.

"ಮೊದ್ಲು ಬಾಯಿ ತೆಗುದ್ಬುಡು. ಮುಚ್ಚಿರೋವಾಗ ಯಾವತ್ತೂ ಬಿಚ್ಬಾರ್ದು. ಮುಚ್ಚಿರೋವಾಗ ಸ್ಪ್ರಿಂಗು ಮೈಯೆಲ್ಲ ಬಿಗಿ ಇಡ್ಕಂಡು ಕೂತಿರ್ತದೆ, ತೆಗುದ್ಮೇಲೆ ಸುಸ್ತಾಯ್ತದೆ. ಆಮೇಲೆ ಬ್ಲೇಡಿಗೆ ಬಟ್ಟೆ ಸುತ್ತು. ಸುತ್ದಾ? ಈಗ ಸ್ಕ್ರೂ."

ಹಿಡಿಯ ಮೇಲೆ ಮೂರು ಸಣ್ಣ ಸ್ಕ್ರೂ, ಬ್ಲೇಡು ತಿರುಗುವ ಬುಡದಲ್ಲಿ ಒಂದು ದೊಡ್ಡದು. ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಎಡದಿಂದ ಬಲಕ್ಕೆ ಇಡಬೇಕು, ಅದೇ ಸಾಲು ಹಿಂದಕ್ಕೆ ಓದಿಕೊಂಡು ಜೋಡಿಸಬೇಕು. ಮೇಲಿನ ಹಿಡಿ ಎತ್ತುವಾಗ ಮುಖ ಪಕ್ಕಕ್ಕೆ ತಿರುಗಿಸಿ, ಎಲ್ಲದರ ಮೇಲೂ ಸೀರೆ ತುಂಡು ಮುಚ್ಚಿ, ಒಳಗಿಂದ ಕೈ ತೂರಿಸಿ ಎತ್ತಬೇಕು. ಸ್ಪ್ರಿಂಗು ಹಾರಿದರೆ ಬಟ್ಟೆಗೆ ಬಡಿಯಬೇಕೇ ಹೊರತು ಕಣ್ಣಿಗಲ್ಲ. ಆ ಸ್ಪ್ರಿಂಗು ಅಂದರೆ ಏನು ಮಹಾ, ಎರಡೂ ತುದಿ ಕೊಕ್ಕೆ ಬಗ್ಗಿಸಿದ ಒಂದು ತಂತಿ, ನನ್ನ ಕಿರುಬೆರಳಿನ ಉಗುರಿನಷ್ಟು. ಜೋಡಿಸಿದ ಮೇಲೆ ಕೊನೆಗೆ ಒಂದೇ ಒಂದು ತೊಟ್ಟು ಎಣ್ಣೆ. ದೊಡ್ಡ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಬಾರದು, ಸಡಿಲವಾಗಿಯೂ ಬಿಡಬಾರದು. ಮೂರು ನಾಲ್ಕು ಭಾನುವಾರದಲ್ಲಿ ನಾನು ಎಲ್ಲ ಕಲಿತುಬಿಟ್ಟೆ. ಒಂದು ದಿನ ಅವನು ಬೀಡಿ ಹಚ್ಚಿಕೊಂಡು ಪಕ್ಕಕ್ಕೆ ಕೂತು ನನ್ನ ಕೈಯಲ್ಲೇ ಎಲ್ಲ ಮಾಡಿಸಿದ. ಮುಗಿದ ಮೇಲೆ ಚಾಕು ಎತ್ತಿಕೊಂಡು ಟಕ್ ಅನ್ನಿಸಿ, ಒಳಗಿನ ಬಾಗಿಲ ಕಡೆ ಒಂದ್ಸಲ ನೋಡಿದ.

"ಒಂದಿನ ಇದ್ಕೂ ಒಂದು ಕೆಲ್ಸ ಸಿಕ್ತದೆ, ಬುಡು."

ಬಾಗಿಲಾಚೆ ಅಪ್ಪ ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ಆ ಮಾತು ಅಪ್ಪನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಹೊಸೆಯುವ ಕೈ ಮಾತ್ರ ನಿಂತಿತ್ತು. ಆವತ್ತಿನಿಂದ ನಾನು ಉಣ್ಣುವಾಗ, ಓದುವಾಗ, ಸ್ಕೂಲಿನಲ್ಲಿ ಮಗ್ಗಿ ಹೇಳುವಾಗ ಒಂದೇ ಯೋಚನೆ. ಚಿಕ್ಕಪ್ಪ ಮನೆಯಲ್ಲಿರುವಾಗ ಲುಂಗಿ ಒಳಗೆ ಪಟಾಪಟ್ಟಿ ನಿಕ್ಕರು ಹಾಕುತ್ತಿದ್ದ, ಅದರ ಬಲ ಜೇಬಿನಲ್ಲಿ ಚಾಕು. ನಾನು ಅವನ ಮುಖ ನೋಡೋದನ್ನೇ ಬಿಟ್ಟು ಆ ಜೇಬು ನೋಡುತ್ತಿದ್ದೆ. ಅಪ್ಪನಿಗೆ ಏನಾದರೂ ಆದರೆ? ಅವ್ವನಿಗೆ ಹೇಳೋಣ ಅಂದರೆ, ಹೇಳಿದ ಮಾತಿನಿಂದಲೇ ಆ ಜಗಳ ಹತ್ತಿಕೊಂಡರೆ? ನಾನು ಇಬ್ಬರ ಮಾತನ್ನೂ ಹೊತ್ತು ಹೊತ್ತು ಬೇಸತ್ತಿದ್ದೆ. ಇದೊಂದನ್ನು ಯಾರಿಗೂ ಹೇಳದೆ ನಾನೇ ಸರಿ ಮಾಡಬೇಕು ಅಂತ ಅನ್ನಿಸಿತು. ಹತ್ತು ವರ್ಷದವಳ ಬುದ್ಧಿ, ಇನ್ನೇನು ಹೇಳಲಿ.

ಆಯುಧ ಪೂಜೆ ಬಂತು. ಮನೆಯ ಕಬ್ಬಿಣವೆಲ್ಲ ನಡುಮನೆಯ ದೇವರ ಮುಂದೆ ಕೂರುವ ದಿನ: ನೇಗಿಲ ಗುಳ, ಗುದ್ದಲಿ, ಕುಡುಗೋಲು, ಮಚ್ಚು, ಅಜ್ಜಿಯ ಅಡಿಕೆ ಕತ್ತರಿ ಕೂಡ. ತೊಳೆದು, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟ ಮೇಲೆ ಮಾರನೇ ದಿನದವರೆಗೆ ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಚಿಕ್ಕಪ್ಪ ತನ್ನ ಚಾಕುವನ್ನೂ ಇಡಬೇಕು ಅಂದ. ಅಜ್ಜಿ ಬಿಲ್‌ಕುಲ್ ಆಗಲ್ಲ ಅಂದಳು. ಅವನ ಮುಖ ಸಣ್ಣದಾಯಿತು. ಈ ಮನೆಯಲ್ಲಿ ನನ್ನದು ಅನ್ನೋ ಒಂದು ಕಬ್ಬಿಣಕ್ಕೂ ಜಾಗ ಇಲ್ಲವಾ ಅಂದ. ಅವ್ವ ಮಧ್ಯೆ ಬಂದು ಅಜ್ಜಿಯನ್ನು ಒಪ್ಪಿಸಿದಳು. ಅಜ್ಜಿ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು.

"ಇಡು. ಆದ್ರೆ ಬಾಯಿ ಮುಚ್ಕಂಡೇ ಇರ್ಬೇಕು. ನಾಳೆ ಪೂಜೆ ಇಳ್ಸಿ, ಎಲ್ರೂ ಉಂಡು ಕೈ ತೊಳ್ಯೋಗಂಟ ಅದು ನನ್ ವಸ್ಲು ಒಳ್ಗೆ ಬಾಯಿ ತೆಗೀಕೂಡ್ದು. ಮಾತು ಕೊಡು."

"ಆಯ್ತು ಕಣವ್ವ, ತೆಗ್ಯಕ್ಕಿಲ್ಲ," ಅಂದ. ಅಜ್ಜಿಗೆ ಕೊಟ್ಟ ಮಾತು ಅವನು ಯಾವತ್ತೂ ತಪ್ಪಿದವನಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಮುಂದೆ ಬೇಕಾಗುತ್ತೆ.

ಆ ಬೆಳಿಗ್ಗೆ ಅವನಿಗೆ ಲಾರಿ ತೊಳೆದು ಬಾಳೆಕಂದು ಕಟ್ಟುವ ಕೆಲಸ. ಚಾಕುವನ್ನು ಜಗಲಿ ಮೇಲಿಟ್ಟು, ಪಕ್ಕದಲ್ಲಿ ತಟ್ಟೆ ಇಟ್ಟು, "ನೀನೇ ಬಿಚ್ಚಿ ಒರ್ಸಿ ದೇವ್ರ ಮುಂದೆ ಮಡಗ್ಬುಡು ಮಗ, ಬತ್ತದಲ್ಲ ನಿಂಗೆ" ಅಂತ ಹೇಳಿ ನಾಲೆ ಕಡೆ ಹೊರಟುಹೋದ. ನಾನು ಅವನು ಕಲಿಸಿದ ಹಾಗೇ ಮಾಡಿದೆ. ಬಾಯಿ ತೆಗೆದೆ, ಬಟ್ಟೆ ಸುತ್ತಿದೆ, ಸ್ಕ್ರೂಗಳನ್ನು ಸಾಲಾಗಿ ಇಟ್ಟೆ, ಮುಖ ತಿರುಗಿಸಿ ಸೀರೆ ತುಂಡಿನ ಕೆಳಗೆ ಹಿಡಿ ಎತ್ತಿದೆ. ಸ್ಪ್ರಿಂಗನ್ನು ಎತ್ತಿ ಬಾಯಿಯೊಳಗೆ ಹಾಕಿಕೊಂಡೆ. ತುಕ್ಕಿನ ರುಚಿ ನಾಲಿಗೆಗೆ ಹತ್ತಿತು. ಮಿಕ್ಕಿದ್ದನ್ನೆಲ್ಲ ಜೋಡಿಸಿದೆ. ಮುಚ್ಚಿ ನೋಡಿದರೆ ಬ್ಲೇಡು ನಿಲ್ಲಲಿಲ್ಲ, ಚಾಕು ಓರೆ ಮಾಡಿದರೆ ತಾನಾಗಿ ಜಾರಿ ಆಚೆ ಬರುತ್ತಿತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಬಾಯಿ ತೆಗೆಸುವುದು ಆ ಸ್ಪ್ರಿಂಗೇ, ಮುಚ್ಚಿದ ಬಾಯನ್ನು ಮುಚ್ಚಿಟ್ಟುಕೊಳ್ಳುವುದೂ ಅದೇ. ನನಗೆ ಹೊಳೆಯಲಿಲ್ಲ. ದೊಡ್ಡ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಬಾರದು ಅಂತ ಗೊತ್ತಿದ್ದೂ, ಬ್ಲೇಡು ನಿಲ್ಲುವವರೆಗೆ ತಿರುಗಿಸಿದೆ. ಅಲ್ಲಾಡಿಸಿದೆ, ನಿಂತಿತ್ತು. ಸರಿ ಹೋಯಿತು ಅಂದುಕೊಂಡೆ. ಆಮೇಲೆ, ಕೊನೆಗೆ ಒಂದು ತೊಟ್ಟು ಎಣ್ಣೆ ಅಂತ ಕಲಿಸಿದ್ದನಲ್ಲ, ಆ ತೊಟ್ಟನ್ನೂ ಬುಡಕ್ಕೆ ಹಾಕಿದೆ; ಬಿಗಿಯಾಗಿ ನಿಂತಿದ್ದ ಬ್ಲೇಡು ಅದರಿಂದಲೇ ಮತ್ತೆ ಜಾರುತ್ತೆ ಅಂತ ಗೊತ್ತಾಗಲಿಲ್ಲ.

ಮಾರನೇ ದಿನ ಪೂಜೆ ಇಳಿಸಿದರು. ಚಿಕ್ಕಪ್ಪ ಕುಂಕುಮ ಹತ್ತಿದ ಚಾಕುವನ್ನು ಕಣ್ಣಿಗೊತ್ತಿಕೊಂಡು, ಮುಚ್ಚಿದ ಹಾಗೇ ಬಲ ಜೇಬಿಗೆ ಹಾಕಿಕೊಂಡ. ಮನೆಯಲ್ಲಿ ಬಾಡೂಟ, ಕೋಳಿ ಸಾರು, ಮುದ್ದೆ. ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ, ನಡುವೆ ನಾನು. ಎದುರಿಗೆ ಅಜ್ಜಿ. ಚಿಕ್ಕಪ್ಪ ಚಕ್ಕಳಮಕ್ಕಳ ಹಾಕಿ ಕೂತ. ನಾನು ಎಷ್ಟೋ ತಿಂಗಳ ಮೇಲೆ ಅವತ್ತು ನೆಮ್ಮದಿಯಾಗಿ ಉಣ್ಣಲು ಕೂತಿದ್ದೆ, ಇನ್ನು ಆ ಚಾಕು ತಾನಾಗಿ ಬಾಯಿ ತೆಗೆಯಲ್ಲ ಅಂತ.

"ನಿಮ್ಮಪ್ಪಂಗೆ ಯೋಳು ಮಗ, ಅಬ್ಬ ಮುಗೀತು, ನಾಳೀಕೆ ನಾಕು ಜನ ಸೇರ್ಸಿ ಪಾಲಿನ ವಿಚಾರ ಮಾತಾಡ್ತೀನಿ ಅಂತ."

ನಾನು ಬಾಯಿಗೆ ದೊಡ್ಡ ತುತ್ತು ತುರುಕಿಕೊಂಡೆ, ಹೇಳದೇ ಇರೋದಕ್ಕೆ. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ಒಂದು ವರ್ಷದ ಮೇಲೆ ಮೊದಲ ಸಲ ಚಿಕ್ಕಪ್ಪನ ಮುಖ ನೋಡಿ ನೇರವಾಗಿ ಮಾತಾಡಿದ.

"ಮಗೀಗ್ಯಾಕ್ಲಾ ಯೋಳ್ತೀಯ, ನಂಗೇ ಯೋಳ್ಲಾ! ಪಾಲಂತೆ ಪಾಲು. ಈ ಮನೇಗೆ ಏನ್ ತಂದಾಕಿದ್ದೀಯಾ ನೀನು? ಈ ಮಗ ಉಟ್ಟಿ ಅತ್ತು ವರ್ಸ ಆಯ್ತು, ಇದ್ರ ಕೈಗೊಂದು ಬಳೆನಾದ್ರೂ ತಂದ್ಕೊಟ್ಟಿದ್ದೀಯೇನ್ಲಾ?"

ಚಿಕ್ಕಪ್ಪನ ಕಣ್ಣು ಕೆಂಪಗಾಯಿತು. ಎಂಜಲು ಕೈಯನ್ನು ಲುಂಗಿಗೆ ಒರೆಸಿಕೊಂಡು, ಮೊಣಕಾಲ ಮೇಲೆ ಅರ್ಧ ಎದ್ದು, ಬಲಗೈಯನ್ನು ಬಲ ಜೇಬಿಗೆ ಜೋರಾಗಿ ತೂರಿಸಿದ. ಅವ್ವ ಒಲೆ ಮುಂದಿನಿಂದ ಬ್ಯಾಡ ಬ್ಯಾಡ ಅಂತ ಕಿರುಚಿದಳು. ಅಪ್ಪ ನನ್ನನ್ನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಬಂದ ಸದ್ದು ಟಕ್ ಅಲ್ಲ. ಚಿಕ್ಕಪ್ಪನ ಬಾಯಿಂದ, ಎತ್ತಿಗೆ ಲಾಳ ಹೊಡೆಯುವಾಗ ಬರುತ್ತಲ್ಲ, ಅಂಥ ಒಂದು ಉಸಿರು ಬಂತು. ಕೂತು ಎದ್ದು ಮಾಡುವಾಗ ಬ್ಲೇಡು ಜೇಬಿನೊಳಗೇ ಜಾರಿ ಬಾಯಿ ತೆಗೆದುಕೊಂಡು ಕಾದಿತ್ತು. ಕೈ ಆಚೆ ಬಂದಾಗ ನಡುಬೆರಳು, ಉಂಗುರದ ಬೆರಳು ಎರಡೂ ಬುಡದಲ್ಲಿ ಸೀಳಿ ಜೋತಾಡುತ್ತಿದ್ದವು. ರಕ್ತ ನನ್ನ ತಟ್ಟೆಗೆ ಬಿತ್ತು, ಮುದ್ದೆಯ ಮೇಲೆ.

ಅಪ್ಪ ಹಾರಿ ಹೋಗಿ ಅವನ ಮಣಿಕಟ್ಟು ಹಿಡಿದುಕೊಂಡ. ಹೆಗಲ ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿದ.

"ಮ್ಯಾಕೆತ್ತು, ಕೈ ಮ್ಯಾಕೆತ್ತಿ ಇಡ್ಕೊ ಪುಟ್ಟ! ಎದ್ರುಕೋಬ್ಯಾಡ, ನಾನಿವ್ನಿ. ನನ್ನ ನೋಡು, ನನ್ನ ನೋಡ್ಲಾ!"

ಪಕ್ಕದ ಮನೆಯವರ ಬೈಕಿನಲ್ಲಿ ನಡುವೆ ಚಿಕ್ಕಪ್ಪ, ಹಿಂದೆ ಅವನನ್ನು ತಬ್ಬಿಕೊಂಡು ಅಪ್ಪ, ಪಾಂಡವಪುರದ ಆಸ್ಪತ್ರೆಗೆ ಹೋದರು. ಅಲ್ಲಿಂದ ಮೈಸೂರಿಗೆ. ಅವ್ವ ನೆಲ ತೊಳೆದಳು. ಅಜ್ಜಿ ದೇವರ ಮುಂದೆ ಕೂತು, ತಾನು ಆ ಕಬ್ಬಿಣವನ್ನು ಪೂಜೆಗೆ ಸೇರಿಸಬಾರದಿತ್ತು, ತನ್ನಿಂದಲೇ ಹೀಗಾಯಿತು ಅಂತ ಎದೆ ಬಡಿದುಕೊಂಡಳು. ಸಾಯುವವರೆಗೂ ಅಜ್ಜಿ ಅದನ್ನೇ ನಂಬಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ಸ್ಪ್ರಿಂಗು ನನ್ನ ಲಂಗದ ಅಂಚಿನ ಮಡಿಕೆಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ಆ ಮುದುಕಿಯ ಕಣ್ಣೀರನ್ನು ನೋಡಿಕೊಂಡೂ ಸುಮ್ಮನಿದ್ದ ಹುಡುಗಿ ನಾನೇ, ಬೇರೆ ಯಾರೋ ಅಲ್ಲ.

ನಾಲ್ಕು ದಿನದ ಮೇಲೆ ಅವ್ವ ನನ್ನನ್ನು ಹಿತ್ತಿಲಿಗೆ ಕರೆದು ಒಂದು ಗುಲಾಬಿ ಕಾಗದದ ಪೊಟ್ಟಣ ಕೈಗಿಟ್ಟಳು. ಕಾಗದ ಅರ್ಧ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಒಳಗೆ ಒಂದು ಜೊತೆ ಬೆಳ್ಳಿ ಕಾಲ್ಗೆಜ್ಜೆ, ನನ್ನ ಅಳತೆಯವು.

"ಅವತ್ತಿನ್ ನಿಕ್ಕರು ಒಗ್ಯುವಾಗ ಸಿಕ್ತು. ಅದೇ ಜೇಬಲ್ಲಿ, ಚಾಕೀನ ಪಕ್ದಲ್ಲಿ. ಅಬ್ಬುಕ್ಕೆ ಅಂತ ತಂದಿದ್ದ ಕಾಣ್ತದೆ ನಿಂಗೆ."

ಅಲ್ಲಿಂದ ಶುರುವಾಯಿತು ನನ್ನ ಪಾಡು. ಅಪ್ಪ ಬಳೆಯ ಮಾತು ಎತ್ತಿದ ಮರುಕ್ಷಣ ಚಿಕ್ಕಪ್ಪ ಜೇಬಿಗೆ ಕೈ ಹಾಕಿದ್ದ. ಚಾಕುವಿಗೆ ಹಾಕಿದ್ದರೆ ನಾನು ಅಪ್ಪನನ್ನು ಉಳಿಸಿದವಳು. ಗೆಜ್ಜೆಗೆ ಹಾಕಿದ್ದರೆ, ನನಗೆ ಉಡುಗೊರೆ ತೋರಿಸಲು ಹೋದವನ ಕೈಯನ್ನು ನಾನೇ ಕತ್ತರಿಸಿದವಳು. ಆ ಗೆಜ್ಜೆಯನ್ನು ನಾನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಚಿಕ್ಕಪ್ಪ ಮನೆಗೆ ಬಂದಾಗ ಗಾಯ ಮಾಗಿತ್ತು, ಆದರೆ ಆ ಎರಡು ಬೆರಳು ಮಡಚಲೇ ಇಲ್ಲ. ಸ್ಟೇರಿಂಗು ಹಿಡಿತಕ್ಕೆ ಬರಲಿಲ್ಲ, ಲಾರಿ ಬೇರೆಯವನ ಕೈಗೆ ಹೋಯಿತು. ಅಪ್ಪ ಯಾವ ನಾಲ್ಕು ಜನರನ್ನೂ ಸೇರಿಸದೆ ನಾಲೆ ಪಕ್ಕದ ಗದ್ದೆಯನ್ನು ಅವನಿಗೆ ಬಿಟ್ಟುಕೊಟ್ಟು, ಉಳುಮೆಯನ್ನೂ ತಾನೇ ಮಾಡಿಕೊಟ್ಟ. ಇಬ್ಬರೂ ಮಾತಾಡತೊಡಗಿದರು. ನನ್ನ ಮೂಲಕ ಹೋಗುವ ಮಾತು ಯಾವುದೂ ಉಳಿಯಲಿಲ್ಲ.

ಬಂದ ವಾರದಲ್ಲೇ ಚಿಕ್ಕಪ್ಪ ಚಾಕು ಕೇಳಿ ಇಸ್ಕೊಂಡು ಜಗಲಿ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ಎಡಗೈಯಲ್ಲಿ ಸ್ಕ್ರೂಡ್ರೈವರು ಹಿಡಿದು, ಜಾರಿ, ಮತ್ತೆ ಹಿಡಿದು, ಬಹಳ ಹೊತ್ತಿನ ಮೇಲೆ ಬಿಚ್ಚಿದ. ನಾನು ಬಾಗಿಲ ಮರೆಯಲ್ಲಿದ್ದೆ. ಸ್ಪ್ರಿಂಗು ಇರಬೇಕಾದ ಜಾಗವನ್ನು ಅವನು ನೋಡಿದ. ಸ್ಕ್ರೂಗಳ ತಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಆ ಕೆಲಸ ಬರುತ್ತಿದ್ದುದು ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ. ಒಳಗಿನಿಂದ ಅಪ್ಪ, ಏನಾಗಿತ್ಲಾ ಅದ್ಕೆ ಅಂತ ಕೇಳಿದ.

"ಸ್ಪ್ರಿಂಗು ಮುರ್ದು ಬಿದ್ದೋಗಿತ್ತು ಕಣಣ್ಣ, ಯಾವತ್ತೋ. ನಾನೇ ನೋಡ್ನಿಲ್ಲ," ಅಂದ. ಬಾಗಿಲ ಕಡೆ ತಿರುಗಲಿಲ್ಲ.

ಈಗ ಅಪ್ಪ ಇಲ್ಲ, ಅಜ್ಜಿ ಇಲ್ಲ. ನನ್ನ ತಲೆಯೂ ನರೆತಿದೆ. ಹೋದ ಆಯುಧ ಪೂಜೆಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದ. ಪಕ್ಕದಲ್ಲಿ ತಟ್ಟೆ, ಎಣ್ಣೆ, ಅದೇ ಚಾಕು. ಅದರ ಹಿಡಿಯ ಬಣ್ಣವೆಲ್ಲ ಹೋಗಿತ್ತು. ನನ್ನನ್ನು ನೋಡಿ, ಕಾಫಿ ಕುಡಿದ್ಯಾ ಅನ್ನುವ ಹಾಗೆ ಕೇಳಿದ.

"ಆ ಸ್ಪ್ರಿಂಗು ಮಡಗಿದ್ದೀಯಾ ಮಗ, ಇಲ್ಲ ಬಿಸಾಕ್ಬುಟ್ಯಾ?"

ಅವನ ಎದುರಿಗೆ ಕೂತೆ. ಪರ್ಸಿನ ಒಳಜೇಬಿನಿಂದ, ಪಿನ್ನುಗಳ ಡಬ್ಬಿಯಿಂದ, ಆ ತಂತಿ ತೆಗೆದು ತಟ್ಟೆಯಲ್ಲಿಟ್ಟೆ. ಇಷ್ಟು ವರ್ಷ ಎಲ್ಲಿಗೆ ಹೋದರೂ ಅದು ನನ್ನ ಜೊತೆಗಿತ್ತು. ಅವನು ಎಣ್ಣೆ ಮುಂದಕ್ಕೆ ತಳ್ಳಿದ. ನಂಗೆ ಆಗಕ್ಕಿಲ್ಲ, ನೀನು ಮಾಡು, ನಾನು ಯೋಳ್ತೀನಿ ಅಂದ. ಬೆಳಕಿಗೆ ಬೆನ್ನು ಹಾಕಬೇಡ ಅಂದ. ಮುಖ ಆ ಕಡೆ ತಿರುಗಿಸು ಅಂದ. ನಾನು ನನ್ನ ಸೀರೆ ಸೆರಗನ್ನೇ ಮೇಲೆ ಮುಚ್ಚಿ ಕೊಕ್ಕೆಯನ್ನು ಅದರ ತೂತಿಗೆ ಕೂರಿಸಿದೆ. ಸ್ಕ್ರೂ ಬಿಗಿ ಮಾಡುವಾಗ, ಸಾಕು, ಅಷ್ಟೇ ಸಾಕು ಅಂತ ಅವನೇ ನಿಲ್ಲಿಸಿದ. ಹೆಬ್ಬೆರಳಿಂದ ತಳ್ಳಿದೆ. ಟಕ್. ಇಬ್ಬರೂ ಬೆಚ್ಚಿಬಿದ್ದೆವು. ನನಗೆ ತಡೆಯಲಾಗಲಿಲ್ಲ, ಕೇಳಿಬಿಟ್ಟೆ.

"ಚಿಕ್ಕಪ್ಪ, ಅವತ್ತು ಜೇಬಿಗೆ ಕೈ ಹಾಕಿದ್ದು ಯಾತಕ್ಕೆ?"

ನಾನು ತಟ್ಟೆಯಲ್ಲಿಟ್ಟ ಚಾಕುವನ್ನು ಅವನು ಎತ್ತಿಕೊಂಡ. ಉಂಡು ಕೈ ತೊಳೆಯುವವರೆಗೆ ತೆಗೆಯಲ್ಲ ಅಂತ ಅಜ್ಜಿಗೆ ಮಾತು ಕೊಟ್ಟವನು. ಊಟ ಇನ್ನೂ ಅರ್ಧವಾಗಿತ್ತು ಅವತ್ತು.

"ಚಾಕೀಗೇ ಕಣವ್ವ, ಇನ್ಯಾತಕ್ಕೆ? ನೀನು ಸ್ಪ್ರಿಂಗ್ ತೆಗೀದೇ ಇದ್ದಿದ್ರೆ ನಿಮ್ಮಪ್ಪ ಅವತ್ತೇ ಓಗ್ಬುಡ್ತಿದ್ದ, ನಾನು ಜೈಲಲ್ಲಿ ಕೊಳೀತಿದ್ದೆ. ಒಳ್ಳೇದೇ ಮಾಡ್ದೆ ಬುಡು."

ಹೇಳುತ್ತಾ ಚಾಕು ಮುಚ್ಚಿ, ಮಡಚದ ಆ ಎರಡು ಬೆರಳಿನ ನಡುವೆ ಇಟ್ಟುಕೊಂಡು ನನ್ನ ಕಡೆ ಚಾಚಿದ. ನೆಲದ ಮೇಲಿಡಲಿಲ್ಲ. ನಾನು ಹೂಂ ಚಿಕ್ಕಪ್ಪ ಅಂದೆ, ಕೈಯೊಡ್ಡಿ ಕೈಯಿಂದಲೇ ಇಸ್ಕೊಂಡೆ.